ಅಂಗಳದ ವಿಷ, ನಾಯಿಯ ಮೂತ್ರಕೋಶ

ಬಣ್ಣದ ಕಾರ್ಖಾನೆಯ ಕೆಲಸಗಾರರಿಗೆ ಮೂತ್ರಕೋಶದ ಕ್ಯಾನ್ಸರ್ ಬರುತ್ತಿದೆ ಎಂದು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆನ್ 1895ರಲ್ಲೇ ಹೇಳಿದ್ದರು. ಬಣ್ಣ ತಯಾರಿಕೆಯಲ್ಲಿ ಬಳಸುವ ಬೀಟಾ-ನ್ಯಾಫ್ಥೈಲಮೈನ್ ಆ ಗಡ್ಡೆಯನ್ನು ಬರಿಸಬಲ್ಲದು ಎಂದು ವಿಲ್ಹೆಲ್ಮ್ ಹ್ಯೂಪರ್ ಅಮೆರಿಕದಲ್ಲಿ ತೋರಿಸಿಕೊಟ್ಟದ್ದು 1938ರಲ್ಲಿ, ನಾಯಿಗಳಿಗೆ ಅದನ್ನು ಕೊಟ್ಟು. ಆ ಮೂಕಪ್ರಾಣಿಗಳನ್ನು ಯಾರೂ ಕೇಳಲಿಲ್ಲ. ಮನೆಯಲ್ಲಿ ಮುದ್ದಾಗಿ ಬೆಳೆಯುವ ನಾಯಿಯನ್ನೂ ನಾವು ಕೇಳುವುದಿಲ್ಲ. ನಾವು ಬಿಟ್ಟ ಹೊಗೆಯನ್ನೇ ಅದು ಉಸಿರಾಡುತ್ತದೆ, ನಾವು ಔಷಧ ಹೊಡೆದ ಹುಲ್ಲಿನ ಮೇಲೆ ಹೊರಳಿ ಮೈ ನೆಕ್ಕಿಕೊಳ್ಳುತ್ತದೆ.

ಸ್ಕಾಟಿಷ್ ಟೆರಿಯರ್ ಎಂಬ ಗಡ್ಡದ ಪುಟ್ಟ ನಾಯಿಗೆ ಈ ಕ್ಯಾನ್ಸರ್ ಬರುವ ಸಂಭವ ಬೇರೆ ನಾಯಿಗಳಿಗಿಂತ ಸುಮಾರು 18 ಪಟ್ಟು ಹೆಚ್ಚು. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದ ಲಾರೆನ್ಸ್ ಗ್ಲಿಕ್‌ಮನ್ ಮತ್ತು ಸಂಗಡಿಗರು ರೋಗ ಬಂದ ಸ್ಕಾಟಿಗಳನ್ನೂ ಬಾರದವನ್ನೂ ಹೋಲಿಸಿ ನೋಡಿದರು. ಕಳೆನಾಶಕ ಹೊಡೆದ ಹುಲ್ಲುಹಾಸಿನಲ್ಲಿ ಓಡಾಡಿದವುಗಳಿಗೆ ಅಪಾಯ ಹಲವು ಪಟ್ಟು ಹೆಚ್ಚಿತ್ತು. ಇದು 2004ರ ವರದಿ. ವಾರಕ್ಕೆ ಮೂರು ಸಲವಾದರೂ ತರಕಾರಿ ತಿಂದವುಗಳಲ್ಲಿ ರೋಗ ಕಡಿಮೆಯೆಂದು ಮರುವರ್ಷ ತಿಳಿಯಿತು. ಹುಟ್ಟಿನಿಂದ ಬಂದ ದೌರ್ಬಲ್ಯ, ಸುತ್ತಲಿನ ವಿಷ, ತಿನ್ನುವ ಸೊಪ್ಪು: ಮನುಷ್ಯರ ಕ್ಯಾನ್ಸರನ್ನು ಓದುವವರು ಬಿಡಿಸಲು ಹೆಣಗುವ ಗಂಟೂ ಇದೇ. ಇವು ನಂಟು ತೋರಿಸುವ ಅಧ್ಯಯನಗಳು, ಕಾರಣವನ್ನು ಸಾಬೀತು ಮಾಡಿದವಲ್ಲ. ಹಾಗೆಂದು ತಳ್ಳಿಹಾಕುವುದು ತಪ್ಪು.

ಹೊಗೆಯ ಕತೆಯೂ ಹೀಗೆಯೇ. ಸಿಗರೇಟು ಸೇದುವವರ ಮನೆಯ ಉದ್ದಮೂತಿಯ ನಾಯಿಗಳಲ್ಲಿ ಮೂಗಿನ ಕ್ಯಾನ್ಸರ್ ಹೆಚ್ಚೆಂದು ಕೊಲರಾಡೋದ ಜಾನ್ ರೀಫ್ 1998ರಲ್ಲಿ ಬರೆದರು.

ಮನುಷ್ಯರಲ್ಲಿ ಎರಡು ಮೂರು ದಶಕ ಅಡಗಿರುವ ರೋಗ ಹತ್ತು ಹನ್ನೆರಡು ವರ್ಷ ಬಾಳುವ ನಾಯಿಯಲ್ಲಿ ಬೇಗನೆ ಮೇಲೆ ಬರುತ್ತದೆ. ಹಾಗಾಗಿ ನಾಯಿಗೆ ಕ್ಯಾನ್ಸರ್ ಎಂದು ಹೇಳುವ ಪಶುವೈದ್ಯರು, ಮನೆಯಲ್ಲಿ ಏನು ಸಿಂಪಡಿಸುತ್ತೀರಿ, ಯಾರು ಸೇದುತ್ತೀರಿ ಎಂದೂ ಕೇಳಲಿ. ಆ ಉತ್ತರ ಮನೆಯವರ ವೈದ್ಯರಿಗೂ ಮುಟ್ಟಲಿ.

ಪರ್ಡ್ಯೂದವರೇ 2013ರಲ್ಲಿ ನಾಯಿಗಳ ಮೂತ್ರ ಪರೀಕ್ಷಿಸಿದಾಗ, ಕಳೆನಾಶಕ ಹೊಡೆಯದ 8 ಮನೆಗಳಲ್ಲಿ 4 ಮನೆಗಳ ನಾಯಿಗಳಲ್ಲೂ ಅದು ಸಿಕ್ಕಿತು. ಪಕ್ಕದ ಅಂಗಳದಿಂದ ಗಾಳಿಯಲ್ಲಿ ಬಂದಿರಬಹುದು, ತಿರುಗಾಡಲು ಹೋದ ಉದ್ಯಾನದಲ್ಲಿ ಮೈಗೆ ಹತ್ತಿರಬಹುದು. ಆ ಪರೀಕ್ಷೆಯಲ್ಲಿ ಹುಡುಕಿದ ರಾಸಾಯನಿಕಗಳಲ್ಲಿ ಒಂದಾದ 2,4-ಡಿ ನಮ್ಮೂರ ಗೊಬ್ಬರದಂಗಡಿಗಳಲ್ಲೂ ಸಿಗುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳವುಗಳ ಪಟ್ಟಿಗೆ ಸೇರಿಸಿತು.