ಬ್ಯಾಸ್ ಗಿಟಾರಿನ ಗುರುತೂ ಆರೈಕೆಯೂ

ಹಬ್ಬ ಬಂದಿತೆಂದರೆ ಮನೆಯ ಹಿತ್ತಾಳೆಯ ಪಾತ್ರೆಗಳನ್ನೆಲ್ಲ ಹುಣಿಸೆಹಣ್ಣು ಹಚ್ಚಿ ತಿಕ್ಕಿ ಬೆಳಗುವುದು ನಮ್ಮಲ್ಲಿ ವಾಡಿಕೆ. ಪಾತ್ರೆಯ ಮಟ್ಟಿಗೆ ಅದು ಸರಿಯಾದುದೇ. ಆದರೆ ಹಳೆಯದನ್ನು ಕಂಡೊಡನೆ ಬೆಳಗಬೇಕೆಂಬ ಹಂಬಲವು ಕೈಯಲ್ಲಿ ಬೇರೂರಿಬಿಟ್ಟರೆ, ಬೆಳಗಬಾರದ ವಸ್ತುವಿನ ಮೇಲೂ ಕೈ ತಾನಾಗಿಯೇ ಹರಿಯುತ್ತದೆ. ಎರಡು ವರ್ಷಗಳ ಹಿಂದೆ ನಮ್ಮ ಪ್ರಯೋಗಶಾಲೆಯಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಅದರಲ್ಲಿ ತಪ್ಪಿತಸ್ಥರು ನಾವೇ.

ಅಂತಿಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ಒಂದು ಹಳೆಯ ವಿದ್ಯುತ್ ಬ್ಯಾಸ್ ಗಿಟಾರನ್ನು ಹೊತ್ತು ತಂದನು. ಅವನ ಸೋದರಮಾವ ಹಿಂದೆ ಮುಂಬಯಿಯ ಹೋಟೆಲೊಂದರ ವಾದ್ಯವೃಂದದಲ್ಲಿ ನುಡಿಸುತ್ತಿದ್ದರಂತೆ. ಅವರು ತೀರಿಕೊಂಡ ಬಳಿಕ ವಾದ್ಯ ಇವನ ಪಾಲಿಗೆ ಬಂದಿತು. ಅಮೆರಿಕದ ಫೆಂಡರ್ ಕಾರ್ಖಾನೆಯ ವಾದ್ಯ. "1964ರದು ಸಾರ್, ಮಾವ ಯಾವಾಗಲೂ ಹಾಗೇ ಹೇಳ್ತಿದ್ರು" ಎಂದನು. ಪರೀಕ್ಷಿಸೋಣವೆಂದು ನಾಲ್ಕು ತಿರುಪುಗಳನ್ನು ಬಿಚ್ಚಿ ವಾದ್ಯದ ದಂಡಿಯನ್ನು ಒಡಲಿನಿಂದ ಬೇರ್ಪಡಿಸಿದೆವು. ದಂಡಿಯ ಬುಡದಲ್ಲಿ ಮಸಿಯ ಮುದ್ರೆಯೊಂದು ಕೊಳೆಯ ಅಡಿಯಲ್ಲಿ ಮಸುಕಾಗಿ ಕಾಣುತ್ತಿತ್ತು. ಅದು ಸ್ಪಷ್ಟವಾಗಿ ಕಾಣಲೆಂದು ನಾವು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಮ್ಮೆ ಒರೆಸಿದೆವು. ಕೊಳೆ ಹೋಯಿತು. ಅದರೊಡನೆ ಮುದ್ರೆಯೂ ಹೋಯಿತು. ಹತ್ತಿಯ ಮೇಲೆ ನೀಲಿಗಪ್ಪು ಕಲೆಯೊಂದು ಮಾತ್ರ ಉಳಿಯಿತು.

ವಿದ್ಯಾರ್ಥಿಯು ಏನೂ ಹೇಳಲಿಲ್ಲ. ಹೇಳಿದ್ದರೆ ನಮಗೆ ಸಮಾಧಾನವಾಗುತ್ತಿತ್ತೇನೋ.

ಆ ಮುದ್ರೆ ಎಂತಹುದು ಎಂಬುದನ್ನು ತಿಳಿಯಬೇಕಾದರೆ ಈ ವಾದ್ಯದ ಜಾತಕವನ್ನು ಸ್ವಲ್ಪ ನೋಡಬೇಕು. ಪಾಶ್ಚಾತ್ಯ ಸಂಗೀತದಲ್ಲಿ ಮಂದ್ರಸ್ಥಾಯಿಯ ಕೆಲಸವನ್ನು ಬಹುಕಾಲ ಮಾಡುತ್ತಿದ್ದುದು ಆಳೆತ್ತರದ ಡಬಲ್ ಬ್ಯಾಸ್. ಅದಕ್ಕೆ ಮೆಟ್ಟಲುಗಳಿಲ್ಲ, ಸ್ವರಸ್ಥಾನವನ್ನು ನುಡಿಸುವವನ ಬೆರಳೇ ಅರಿತಿರಬೇಕು. 1930ರ ದಶಕದಲ್ಲೇ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಎಂಬವರು ಮೆಟ್ಟಲುಗಳುಳ್ಳ ವಿದ್ಯುತ್ ಬ್ಯಾಸೊಂದನ್ನು ತಯಾರಿಸಿದ್ದರೂ ಅದು ಪ್ರಚಾರಕ್ಕೆ ಬರಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯದ ಫುಲ್ಲರ್ಟನ್ನಿನಲ್ಲಿ ಲಿಯೋ ಫೆಂಡರ್ ಹೊರತಂದ ವಾದ್ಯವು ಲೋಕವನ್ನು ಗೆದ್ದಿತು. ಮೆಟ್ಟಲುಗಳಿರುವುದರಿಂದ ಸ್ವರವು ಕರಾರುವಾಕ್ಕಾಗಿ ಬರುತ್ತದೆಂದು ಅದಕ್ಕೆ 'ಪ್ರಿಸಿಷನ್ ಬ್ಯಾಸ್' ಎಂಬ ಹೆಸರಾಯಿತು. 1960ರಲ್ಲಿ ಅದೇ ಕಾರ್ಖಾನೆಯಿಂದ 'ಜಾಜ್ ಬ್ಯಾಸ್' ಬಂದಿತು.

ಇದರ ಒಡಲು ವೀಣೆಯ ಬುರುಡೆಯಂತೆ ಪೊಳ್ಳಲ್ಲ, ಗಟ್ಟಿ ಮರ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತಗಳೂ ಅವುಗಳ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಇದನ್ನೇ ಪಿಕಪ್ ಎನ್ನುವರು. ತಂತಿ ಮಿಡಿದಾಗ ಕಾಂತಕ್ಷೇತ್ರವು ಏರುಪೇರಾಗಿ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. 1831ರಲ್ಲಿ ಫ್ಯಾರಡೇ ಕಂಡ ತತ್ವವೇ ಇದು. ತೀರ ಮಂದ್ರದ ತಂತಿಯ ಕಂಪನಸಂಖ್ಯೆ ಸೆಕೆಂಡಿಗೆ ಸುಮಾರು 41. ತೀರ ಮೇಲಿನದು 98.

ಇಂತಹ ವಾದ್ಯವೊಂದು ಕೈಗೆ ಬಂದರೆ ಅದು ಯಾವುದು, ಯಾವ ಕಾಲದ್ದು ಎಂದು ತಿಳಿಯುವುದು ಹೇಗೆ? ಹೆಚ್ಚಿನವರು ತಲೆಯ ಮೇಲಿನ ಹೆಸರನ್ನು ಓದುತ್ತಾರೆ, ಲೋಹದ ಪಟ್ಟಿಯ ಮೇಲಿನ ಕ್ರಮಸಂಖ್ಯೆಯನ್ನು ನೋಡುತ್ತಾರೆ, ಅಲ್ಲಿಗೆ ತೃಪ್ತರಾಗುತ್ತಾರೆ. ಹೆಸರೆಂಬುದು ಅಂಟಿಸಿದ ಚೀಟಿ, ಯಾರು ಬೇಕಾದರೂ ಅಂಟಿಸಬಹುದು. ಕ್ರಮಸಂಖ್ಯೆಯ ಪಟ್ಟಿಯನ್ನು ನಾಲ್ಕು ತಿರುಪು ಬಿಚ್ಚಿ ಬದಲಿಸಬಹುದು. ಮೇಲಾಗಿ, 1960ರ ದಶಕದ ಫೆಂಡರ್ ಕಾರ್ಖಾನೆಯಲ್ಲಿ ಈ ಪಟ್ಟಿಗಳನ್ನು ಕ್ರಮವಾಗಿ ಬಳಸುತ್ತಿರಲಿಲ್ಲ. ಬುಟ್ಟಿಯಲ್ಲಿ ಕೈಗೆ ಸಿಕ್ಕಿದ್ದನ್ನು ಜೋಡಿಸುತ್ತಿದ್ದುದರಿಂದ ಒಂದು ವರ್ಷದ ಸಂಖ್ಯೆಗಳು ಇನ್ನೊಂದರೊಳಗೆ ನುಗ್ಗಿವೆ. ಭೌತಶಾಸ್ತ್ರದ ವಿದ್ಯಾರ್ಥಿಯಾದವನು ಅಳತೆಯಿಂದ ಪ್ರಾರಂಭಿಸಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು ತಂತಿಯ ಉದ್ದ. ಕುದುರೆಯನ್ನು ಹಿಂದೆ ಮುಂದೆ ಸರಿಸಬಹುದಾದ್ದರಿಂದ ಅಲ್ಲಿಯವರೆಗೆ ಅಳೆಯಬಾರದು. ದಂಡಿಯ ತುದಿಯ ಮೆಟ್ಟಿನಿಂದ ಹನ್ನೆರಡನೆಯ ಮೆಟ್ಟಲಿಗೆ ಅಳೆದು ಎರಡರಿಂದ ಗುಣಿಸಬೇಕು. ಸ್ಥಾಯಿ ಇಮ್ಮಡಿಯಾಗುವುದು ತಂತಿಯ ಅರ್ಧದಲ್ಲಿ ಅಲ್ಲವೇ? ಫೆಂಡರ್ ಬ್ಯಾಸುಗಳಲ್ಲಿ 86.4 ಸೆಂಟಿಮೀಟರು ಬರುತ್ತದೆ. ಜರ್ಮನಿಯ ಹಾಫ್ನರ್ 500/1ರಲ್ಲಿ ಸುಮಾರು 76. ದಂಡಿಯ ಉದ್ದವನ್ನು ಅಂಟುಚೀಟಿಯಿಂದ ಬದಲಿಸಲಾಗುವುದಿಲ್ಲ.

ಎರಡನೆಯದು ಪಿಕಪ್ಪಿನ ರೋಧ. ಪ್ರಿಸಿಷನ್ ಬ್ಯಾಸಿನಲ್ಲಿ ಇದು ಸಾಮಾನ್ಯವಾಗಿ 10ರಿಂದ 11 ಸಾವಿರ ಓಮ್‌ಗಳಷ್ಟಿರುತ್ತದೆ. ಇಲ್ಲೊಂದು ಎಚ್ಚರಿಕೆ: ತಾಮ್ರದ ರೋಧವು ಒಂದೊಂದು ಡಿಗ್ರಿ ಸೆಲ್ಸಿಯಸ್ಸಿಗೆ ನೂರಕ್ಕೆ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 10,500 ಓಮ್ ತೋರಿದ ಸುರುಳಿ 30 ಡಿಗ್ರಿಯಲ್ಲಿ ಸುಮಾರು 10,900 ತೋರುತ್ತದೆ. ಉಷ್ಣತೆಯನ್ನು ಬರೆದುಕೊಳ್ಳದೆ ಬರಿಯ ಓಮ್‌ಗಳನ್ನು ಬರೆದುಕೊಂಡು, "ಸುರುಳಿಯನ್ನು ಬದಲಿಸಿದ್ದಾರೆ" ಎಂದು ವಾದಿಸುವವರನ್ನು ನಾವು ಕಂಡಿದ್ದೇವೆ.

ಮೂರನೆಯದೇ ಅತ್ಯಂತ ಸ್ವಾರಸ್ಯವಾದುದು. ಧ್ವನಿಯನ್ನು ಏರಿಸಿ ಇಳಿಸುವ ಗುಂಡಿಯ ಕೆಳಗೆ ಪೊಟೆನ್ಷಿಯೋಮೀಟರು ಇರುತ್ತದೆ. ಅಮೆರಿಕದಲ್ಲಿ ತಯಾರಾದವುಗಳ ಬೆನ್ನ ಮೇಲೆ ಅಂಕಿಗಳನ್ನು ಒತ್ತಿರುತ್ತಾರೆ: ಮೊದಲ ಮೂರು ಅಂಕಿ ತಯಾರಕರದು, ಮುಂದಿನವು ವರ್ಷ ಮತ್ತು ವಾರ. ನಮ್ಮ ವಿದ್ಯಾರ್ಥಿಯ ವಾದ್ಯದಲ್ಲಿ 1376641 ಎಂದಿತ್ತು. 137 ಎಂದರೆ ಸಿ.ಟಿ.ಎಸ್. ಕಂಪನಿ, 66, ವರ್ಷ, 41, ವಾರ. ಅಂಕಿಯ ಪಕ್ಕದ ಬೆಸುಗೆಗಳು ಹಳೆಯ ಧೂಳು ಹೊತ್ತು, ಯಾರೂ ಮುಟ್ಟದ ಹಾಗೆ ಇದ್ದವು. ಹಾಗಾದರೆ ವಾದ್ಯವು 1966ರ ಅಕ್ಟೋಬರಿಗೆ ಮುಂಚಿನದಾಗಿರಲು ಸಾಧ್ಯವೇ ಇಲ್ಲ. ಮಾವನವರ 1964 ಅಲ್ಲಿಗೆ ಬಿದ್ದುಹೋಯಿತು. ಆದರೆ ಇದು ಕೆಳಗಿನ ಗಡಿ ಮಾತ್ರ, ಮೇಲಿನದಲ್ಲ. ಆ ಕಾರ್ಖಾನೆಯು 1966ರಲ್ಲಿ ಈ ಬಿಡಿಭಾಗವನ್ನು ರಾಶಿಯಾಗಿ ಕೊಂಡು ಮುಂದಿನ ಎರಡು ಮೂರು ವರ್ಷ ಅದನ್ನೇ ಬಳಸಿತು. ಆದುದರಿಂದ ವಾದ್ಯವು 1966ರದೂ ಆಗಬಹುದು, 1969ರದೂ ಆಗಬಹುದು. ಈ ಸಂಶಯವನ್ನು ತೀರಿಸಬಲ್ಲ ಸಾಕ್ಷಿ ದಂಡಿಯ ಬುಡದಲ್ಲಿತ್ತು. ಮಾದರಿಯ ಸಂಖ್ಯೆ, ತಿಂಗಳು, ವರ್ಷ, ದಂಡಿಯ ಅಗಲವನ್ನು ಸೂಚಿಸುವ ಅಕ್ಷರ, ಇಷ್ಟನ್ನೂ ಆ ಕಾಲದಲ್ಲಿ ಅಲ್ಲಿ ಮಸಿಯಿಂದ ಒತ್ತುತ್ತಿದ್ದರು. ಅದನ್ನೇ ನಾವು ಒರೆಸಿ ಹಾಕಿದ್ದು.

ಈ ಕಾರಣದಿಂದಲೇ, ಆರೈಕೆ ಒಂದು ಕೆಲಸ, ಗುರುತಿಸುವುದು ಇನ್ನೊಂದು ಕೆಲಸ ಎಂಬ ಭಾವನೆಯನ್ನು ನಾವು ಒಪ್ಪುವುದಿಲ್ಲ. ವಾದ್ಯದ ಚರಿತ್ರೆಯೆಲ್ಲ ಅದರ ಕೊಳೆ, ಗೀರು, ಬೆಸುಗೆ, ಮಸಿಗಳಲ್ಲಿ ಬರೆದಿದೆ. ಉಪ್ಪುಕಾಗದ ಹಿಡಿದ ಕೈ ಈ ಬರಹವನ್ನು ಓದದೆಯೇ ಅಳಿಸುತ್ತದೆ. ರಿಪೇರಿಯ ಗುರುತು ಕೂಡ ಸಾಕ್ಷಿಯೇ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯವರ ಬ್ಯಾಸನ್ನೇ ನೋಡಿರಿ. ಪಿಟೀಲಿನ ಆಕಾರದ, ಎಡಗೈಯವರ ಹಾಫ್ನರ್ 500/1 ವಾದ್ಯವನ್ನು ಅವರು 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡರು. 1964ರಲ್ಲಿ ಅದಕ್ಕೆ ಹೊಸ ಬಣ್ಣ ಹೊಡೆಸಿ, ಎರಡು ಪಿಕಪ್‌ಗಳನ್ನೂ ಮರದ ಒಂದೇ ಚೌಕಟ್ಟಿನಲ್ಲಿ ಕೂರಿಸಲಾಯಿತು. 1972ರಲ್ಲಿ ಲಂಡನ್ನಿನಲ್ಲಿ ವಾಹನವೊಂದರಿಂದ ಅದು ಕಳುವಾಯಿತು. ಐವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಸಿಕ್ಕಿ, ಒಡೆಯರ ಕೈಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅದೇ ವಾದ್ಯವೆಂದು ಹಾಫ್ನರ್ ಕಂಪನಿಯವರೇ ಪರಿಶೀಲಿಸಿ ಹೇಳಿದರು. ಆ ಮಾದರಿಯ ಬ್ಯಾಸುಗಳು ಅನೇಕ ಇವೆ. ಆ ಚೌಕಟ್ಟು, ಆ ಬಣ್ಣ ಹೊತ್ತ 1961ರ ಎಡಗೈ ವಾದ್ಯ ಇನ್ನೆಲ್ಲಿ ಸಿಗಬೇಕು? ನಡುವಿನ ಐವತ್ತು ವರ್ಷಗಳಲ್ಲಿ ಯಾವನಾದರೊಬ್ಬ ಸದುದ್ದೇಶದ ಮನುಷ್ಯ ಅದನ್ನು 'ಹೊಸದರಂತೆ' ಮಾಡಿಬಿಟ್ಟಿದ್ದರೆ ಕಷ್ಟವಾಗುತ್ತಿತ್ತು.

ವಾದ್ಯವಿರುವುದು ನುಡಿಸುವುದಕ್ಕೆ, ಗಾಜಿನ ಪೆಟ್ಟಿಗೆಯಲ್ಲಿಡುವುದಕ್ಕಲ್ಲ ಎಂದು ಕೆಲವರು ಆಕ್ಷೇಪಿಸುವರು. ನಿಜ. ತಂತಿ ಸವೆಯುತ್ತದೆ, ಬದಲಿಸಲೇಬೇಕು. ಮೆಟ್ಟಲು ಸವೆಯುತ್ತದೆ. ಸುರುಳಿ ಕಡಿದುಹೋದರೆ ಬೆಸುಗೆಯನ್ನು ಬಿಚ್ಚದೆ ಗತಿಯಿಲ್ಲ. ನಾವು ಬೇಡುವುದು ಇಷ್ಟೇ: ಮುಟ್ಟುವ ಮೊದಲು ಚಿತ್ರ ತೆಗೆಯಿರಿ, ಅಳೆಯಿರಿ, ಬರೆದಿಡಿರಿ, ತೆಗೆದ ಭಾಗವನ್ನು ಎಸೆಯದೆ ಚೀಲದಲ್ಲಿ ಕಟ್ಟಿ ವಾದ್ಯದ ಪೆಟ್ಟಿಗೆಯಲ್ಲೇ ಇಡಿರಿ.

ನಿತ್ಯದ ಆರೈಕೆಯಾದರೋ ಬಹಳ ಸರಳ. ನುಡಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿಗಳ ಬೆವರನ್ನು ಒರೆಸಬೇಕು. ಬೆವರಿನ ಉಪ್ಪು ಉಕ್ಕಿಗೆ ಶತ್ರು. ನಾಲ್ಕು ತಂತಿಗಳೂ ಸೇರಿ ದಂಡಿಯನ್ನು ಸುಮಾರು 70-80 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯುತ್ತಿರುತ್ತವೆ. ಈ ಸೆಳೆತಕ್ಕೆ ಎದುರಾಗಿ ದಂಡಿಯೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ. ಮಲೆನಾಡಿನ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ದಂಡಿಯ ಬಾಗು ಬದಲಾಗುತ್ತದೆ. ಆಗ ಸರಳನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಕೂಡದು. ತಿರುಗಿಸಿ, ಶ್ರುತಿ ಮಾಡಿ, ಒಂದು ದಿನ ಕಾಯಬೇಕು. ಗಾಳಿಯ ಆರ್ದ್ರತೆ ನೂರಕ್ಕೆ 40ರಿಂದ 60ರ ಒಳಗಿದ್ದರೆ ಮರಕ್ಕೆ ಸುಖ. ಹಳೆಯ ಫೆಂಡರ್ ವಾದ್ಯಗಳ ಮೇಲಿನ ನೈಟ್ರೊಸೆಲ್ಯುಲೋಸ್ ಲ್ಯಾಕರು ಎಷ್ಟು ವರ್ಷವಾದರೂ ಥಿನ್ನರಿನಲ್ಲಿ ಕರಗುವಂತಹುದು. ರಬ್ಬರು, ವಿನೈಲ್ ತಗುಲಿದಲ್ಲಿ ಮೆತ್ತಗಾಗಿ ಅಂಟುತ್ತದೆ. ಆದ್ದರಿಂದ ರಬ್ಬರಿನ ಆನಿಕೆಯ ಮೇಲೆ ಅದನ್ನು ಒರಗಿಸಿಡಬೇಡಿರಿ. ಮೆರುಗಿನ ಎಣ್ಣೆಗಳನ್ನು ಅಂಗಡಿಯಲ್ಲೇ ಬಿಟ್ಟುಬನ್ನಿರಿ.

ಗುರುತು ತಪ್ಪಿದರೆ ಬರಿಯ ಬೆಲೆಯಷ್ಟೇ ಹೆಚ್ಚು ಕಡಿಮೆಯಾಗುವುದೆಂದು ಭಾವಿಸಬಾರದು. ಬೆರಳು ಓಡುವ ಹಲಗೆ ಅನೇಕ ಬ್ಯಾಸುಗಳಲ್ಲಿ ಬೀಟೆ ಮರದ್ದು. 1960ರ ದಶಕದ ನಡುವಿನವರೆಗೆ ಅಮೆರಿಕದ ಕಾರ್ಖಾನೆಗಳು ಹೆಚ್ಚಾಗಿ ಬ್ರೆಜಿಲ್ ದೇಶದ ಬೀಟೆಯನ್ನು ಬಳಸುತ್ತಿದ್ದವು. ದಶಕ ಮುಗಿಯುವ ವೇಳೆಗೆ ಭಾರತದ ಬೀಟೆ, ಎಂದರೆ ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಬೆಳೆಯುವ ಆ ಕರಿಗೆಂಪು ಮರವೇ, ಅದರ ಸ್ಥಾನಕ್ಕೆ ಬರತೊಡಗಿತು. ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವು ಬ್ರೆಜಿಲಿನ ಬೀಟೆಯನ್ನು 1992ರಿಂದ ತನ್ನ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿ ಇಟ್ಟಿದೆ. 2017ರಲ್ಲಿ ಬೀಟೆಯ ಕುಲದ ಮಿಕ್ಕ ಮರಗಳೂ ಎರಡನೆಯ ಪಟ್ಟಿಗೆ ಸೇರಿದವು. 2019ರ ನವೆಂಬರಿನಿಂದ ಆ ಎರಡನೆಯ ಪಟ್ಟಿಯ ಮರಗಳಿಂದ ತಯಾರಾದ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಬ್ರೆಜಿಲಿನ ಮರಕ್ಕೆ ಆ ವಿನಾಯಿತಿಯಿಲ್ಲ. ಅದರ ವಾದ್ಯವನ್ನು ಗಡಿ ದಾಟಿಸಬೇಕಾದರೆ ಪ್ರಮಾಣಪತ್ರ ಬೇಕು. ಮರದ ಜಾತಿಯನ್ನು ಖಚಿತವಾಗಿ ಹೇಳಬಲ್ಲವರು ಸೂಕ್ಷ್ಮದರ್ಶಕದಲ್ಲಿ ನೋಡುವ ಮರದ ತಜ್ಞರೇ. ವಾದ್ಯದ ವರ್ಷವೊಂದರಿಂದಲೇ ಅದು ಸಿದ್ಧವಾಗದು. ಆದರೆ 1966ರದೋ 1969ರದೋ ಎಂಬುದು ತಿಳಿದಿದ್ದರೆ ಊಹೆಗೆ ಒಂದು ಆಧಾರವಿರುತ್ತಿತ್ತು.

ಕಳೆದ ವರ್ಷ ನಮ್ಮ ವಿದ್ಯಾರ್ಥಿಯು ಹೆಚ್ಚಿನ ವ್ಯಾಸಂಗಕ್ಕೆಂದು ಜರ್ಮನಿಗೆ ಹೊರಟನು. ಬ್ಯಾಸನ್ನು ಒಯ್ಯುವ ಆಸೆ ಅವನಿಗೆ ಬಹಳವಿತ್ತು. ಹಲಗೆ ಯಾವ ಬೀಟೆಯದೆಂದು ಕೇಳಿದರೆ ಹೇಳಲು ಅವನ ಬಳಿ ಉತ್ತರವಿರಲಿಲ್ಲ. ತಾಯಿಯ ಬಳಿಯೇ ಬಿಟ್ಟುಹೋದನು. ಆಕೆ ಆಗಾಗ್ಗೆ ಒಣಬಟ್ಟೆಯಿಂದ ಧೂಳು ಒರೆಸಿಡುತ್ತಾರೆ, ಅಷ್ಟೇ. ಪೆಟ್ಟಿಗೆಯೊಳಗೆ ನಾವೂ ಅವನೂ ಸೇರಿ ಬರೆದ ಒಂದು ನೋಟ್‌ಬುಕ್ಕಿದೆ. ತಂತಿಯ ಉದ್ದ, ರೋಧ, ಆ ದಿನದ ಉಷ್ಣತೆ, ಪೊಟೆನ್ಷಿಯೋಮೀಟರಿನ ಅಂಕಿಗಳು ಎಲ್ಲವೂ ಅದರಲ್ಲಿವೆ. ಮೊದಲ ಪುಟದಲ್ಲಿ ನಮ್ಮ ಕೈಬರಹದಲ್ಲಿ ಹೀಗಿದೆ: "ದಂಡಿಯ ಬುಡದಲ್ಲಿ ಮಸಿಯ ಮುದ್ರೆ ಇದ್ದಿತು. ಓದುವ ಮೊದಲೇ ಸ್ಪಿರಿಟ್ಟಿನಿಂದ ಒರೆಸಲ್ಪಟ್ಟಿತು." ಅದರ ಕೆಳಗೆ ನಮ್ಮ ಸಹಿ, ತಾರೀಖು.