ಬ್ರೈಟ್‌ನೆಸ್ ಫುಲ್ ಇಟ್ಕೊಂಡು ಎಡಿಟ್ ಮಾಡೋ ನಮಗೆ

ಈ ಸಲದ ರಾಜ್ಯೋತ್ಸವದ ಫೋಟೋಗಳನ್ನ ನೀವೆಲ್ಲ ನೋಡಿರ್ತೀರಿ. ಲೈಕ್ ಕೂಡ ಒತ್ತಿದ್ದೀರಿ, ಥ್ಯಾಂಕ್ಸ್. ಆದರೆ ಕಾರಿಡಾರ್‌ನಲ್ಲಿ ಸಿಕ್ಕಾಗ ತುಂಬಾ ಜನ ಹೇಳಿದ್ದು ಒಂದೇ ಮಾತು: "ಫೋಟೋ ಯಾಕೋ ಡಲ್ ಇದೆ ಗುರು." ಕ್ಲಬ್‌ನ ಫೋಟೋ ಟೀಮ್‌ನಲ್ಲಿರೋ ನಾವು ನಾಲ್ಕು ಜನ ಕೊಟ್ಟ ಉತ್ತರವೂ ಒಂದೇ: "ಆ್ಯಪ್‌ನವರು ಕಂಪ್ರೆಸ್ ಮಾಡಿ ಹಾಳು ಮಾಡ್ತಾರೆ. ಒರಿಜಿನಲ್ ನೋಡಬೇಕಿತ್ತು ನೀನು."

ಆ ಉತ್ತರ ತಪ್ಪು ಅಂತ ಗೊತ್ತಾಗಿದ್ದು ಒಬ್ಬ ಅಮ್ಮನಿಂದ. ಡೊಳ್ಳು ಕುಣಿತದ ತಂಡದಲ್ಲಿ ಹಾವೇರಿ ಕಡೆಯ ನಮ್ಮ ಕ್ಲಾಸ್‌ಮೇಟ್ ಒಬ್ಬ ಇದ್ದ. ವಾರಗಟ್ಟಲೆ ಪ್ರಾಕ್ಟೀಸ್ ಮಾಡಿ ಭುಜ ಊದಿಸಿಕೊಂಡಿದ್ದ. ನಾವು ಹಾಕಿದ ಗ್ರೂಪ್ ಫೋಟೋವನ್ನ ಮನೆಗೆ ಕಳಿಸಿದ. ಅವರಮ್ಮ ಫೋನ್ ಮಾಡಿ, "ಇದ್ರಾಗ ನೀ ಎಲ್ಲಿದ್ದೀಯೋ? ಬರೇ ಕತ್ತಲಿ ಕಾಣ್ತೈತಿ" ಅಂದರಂತೆ. ಎಡಗಡೆಯಿಂದ ಮೂರನೆಯವನು ಅಂತ ಇವನು ಹೇಳಿದ. "ಅಲ್ಲಿ ಡೊಳ್ಳ ಐತಿ, ನೀ ಇಲ್ಲಲ್ಲ" ಅಂದರಂತೆ. ರೂಮಿಗೆ ಬಂದು ಇದನ್ನ ಹೇಳಿ ಅವನು ನಕ್ಕ, ನಾವೂ ನಕ್ವಿ. ಅವನು ಹೋದ ಮೇಲೆ ಯಾರಿಗೂ ನಗು ಬರಲಿಲ್ಲ.

ಅವತ್ತು ರಾತ್ರಿ ಪೋಸ್ಟ್ ಆದ ಫೋಟೋನೇ ಡೌನ್‌ಲೋಡ್ ಮಾಡಿ, ಲ್ಯಾಪ್‌ಟಾಪ್‌ನಲ್ಲಿದ್ದ ನಮ್ಮ ಫೈಲ್ ಪಕ್ಕ ಇಟ್ಟು, ಎರಡರಲ್ಲೂ ಅದೇ ಜಾಗದ ಪಿಕ್ಸೆಲ್ ವ್ಯಾಲ್ಯೂ ಓದಿದ್ವಿ. (ಪೈಥಾನ್ ಲ್ಯಾಬ್ ಇದಕ್ಕಾದರೂ ಉಪಯೋಗಕ್ಕೆ ಬಂತು.) ಅವನ ಕೆನ್ನೆ 255ಕ್ಕೆ ನಮ್ಮ ಫೈಲಿನಲ್ಲಿ 40ರ ಆಸುಪಾಸು. ಪೋಸ್ಟ್ ಆದದ್ದರಲ್ಲೂ 40ರ ಆಸುಪಾಸು. ಕಂಪ್ರೆಷನ್ನು ಅಂಚುಗಳನ್ನ ಸ್ವಲ್ಪ ಮಸುಕು ಮಾಡಿತ್ತು, ಬೆಳಕನ್ನೇನೂ ಕದ್ದಿರಲಿಲ್ಲ. 40 ಅಂದರೆ ಪರದೆಯ ಬಿಳಿ ಎಷ್ಟು ಬೆಳಕು ಕೊಡುತ್ತೋ ಅದರ ಶೇ. 2 ಮಾತ್ರ. ಫೋಟೋ ನಮ್ಮ ಕೈಯಲ್ಲಿದ್ದಾಗಲೇ ಕಪ್ಪಾಗಿತ್ತು, ನಾವೇ ಮಾಡಿದ್ದು.

ನಮಗ್ಯಾಕೆ ಕಾಣಲಿಲ್ಲ? ನಾವು ಎಡಿಟ್ ಮಾಡಿದ್ದು ರಾತ್ರಿ ಒಂದು ಗಂಟೆಗೆ. ರೂಮ್‌ಮೇಟ್ ಮಲಗಿದ್ದಾನೆ ಅಂತ ಲೈಟ್ ಆಫ್. ಲ್ಯಾಪ್‌ಟಾಪ್ ಬ್ರೈಟ್‌ನೆಸ್ ಮಾತ್ರ ಫುಲ್. ಇಂಟರ್ನೆಟ್‌ನಲ್ಲಿ ಹೆಚ್ಚಿನ ಫೋಟೋಗಳು ಓಡಾಡೋದು ಎಸ್‌ಆರ್‌ಜಿಬಿ ಅನ್ನೋ ಕಲರ್ ಸ್ಪೇಸ್‌ನಲ್ಲಿ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಮುಂದಿಟ್ಟಿದ್ದು, 1999ರಲ್ಲಿ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಆಯ್ತು. ಅದರಲ್ಲಿ ಮಾದರಿ ಪರದೆಯ ಬೆಳಕು 80 ನಿಟ್ ಅಂತ ಬರೆದಿದೆ. ಇವತ್ತಿನ ಸಾಧಾರಣ ಲ್ಯಾಪ್‌ಟಾಪ್ ಫುಲ್ ಇಟ್ಟರೆ 250ರಿಂದ 300 ನಿಟ್. ಮೂರು ಪಟ್ಟು ಜೋರಾಗಿ ಉರಿಯೋ ಪರದೆಯಲ್ಲಿ ಯಾವ ಫೋಟೋ ಆದರೂ "ಸ್ವಲ್ಪ ಜಾಸ್ತಿ ಬ್ರೈಟ್ ಆಯ್ತಲ್ಲ" ಅನ್ನಿಸುತ್ತೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಇನ್ನೂ ಹೆಚ್ಚು ಅನ್ನಿಸುತ್ತೆ. ನಾವು ಎಕ್ಸ್‌ಪೋಷರ್ ಸ್ಲೈಡರನ್ನ ಕೆಳಗೆ ಎಳೀತೀವಿ, ಎಳೆದು "ಸೂಪರ್ ಮಗಾ" ಅಂತೀವಿ. ಬೆಳಗ್ಗೆ ನೀವು ಅದನ್ನ ನೋಡೋದು ಬಸ್ಸಿನ ಕಿಟಕಿ ಪಕ್ಕ ಕೂತು, ಬ್ಯಾಟರಿ ಸೇವರ್‌ನಲ್ಲಿ, ಕಾಲು ಭಾಗ ಬ್ರೈಟ್‌ನೆಸ್‌ನಲ್ಲಿ.

ಇನ್ನೊಂದು ಸಂಗತಿ ನಮಗೆ ಮೊದಲು ಹೊಳೆದೇ ಇರಲಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್‌ಗಳ ಸುತ್ತಲಿನ ಬಣ್ಣ ಕಡು ಬೂದು. ಪೋಸ್ಟ್ ಆಗೋ ಪುಟ ಹೆಚ್ಚಾಗಿ ಬಿಳಿ. ಒಂದೇ ಬೂದು ಚೌಕವನ್ನ ಒಂದು ಕಪ್ಪು ಸ್ಲೈಡ್ ಮೇಲೆ, ಒಂದು ಬಿಳಿ ಸ್ಲೈಡ್ ಮೇಲೆ ಅಂಟಿಸಿ ನೋಡಿ. ಬಿಳಿ ಮೇಲಿರೋದು ಕಪ್ಪಗೆ ಕಾಣುತ್ತೆ. ವ್ಯಾಲ್ಯೂ ಒಂದೇ, ಮೋಸ ಮಾಡೋದು ಕಣ್ಣು.

ಫೈಲ್‌ನಲ್ಲೇ ಇರೋ ತಪ್ಪುಗಳೂ ಉಂಟು, ಇವು ನಮ್ಮ ಸಿಲಬಸ್‌ಗೆ ಹತ್ತಿರ. ಪಿಕ್ಸೆಲ್ ವ್ಯಾಲ್ಯೂ 128 ಇದ್ದರೆ ಅರ್ಧ ಬೆಳಕು ಅಂದ್ಕೊಳ್ತೀವಿ. ಎಸ್‌ಆರ್‌ಜಿಬಿಯಲ್ಲಿ ಅದು ಶೇ. 22ರಷ್ಟು ಮಾತ್ರ. ಅರ್ಧ ಬೆಳಕು ಬೇಕಂದ್ರೆ 188 ಇರಬೇಕು. ಸಂಖ್ಯೆಯಿಂದ ಬೆಳಕಿಗೆ ಹೋಗೋ ಈ ಬಾಗಿದ ಗೆರೆಗೇ ಗಾಮಾ ಅಂತಾರೆ. ಗೆರೆ ಎಲ್ಲರಿಗೂ ಒಂದೇ ಇದ್ದರೆ ತೊಂದರೆ ಇಲ್ಲ. ಹಿಂದೆ ಹಾಗಿರಲಿಲ್ಲ: ಆಪಲ್ ಮ್ಯಾಕ್‌ಗಳ ಗಾಮಾ 1.8, ವಿಂಡೋಸ್‌ನದ್ದು 2.2. ಮ್ಯಾಕ್‌ನಲ್ಲಿ ಚೆನ್ನಾಗಿ ಕಂಡ ಫೋಟೋ ವಿಂಡೋಸ್‌ನಲ್ಲಿ ಕಪ್ಪಾಗಿ ಕಾಣ್ತಿತ್ತು. 2009ರಲ್ಲಿ ಸ್ನೋ ಲೆಪರ್ಡ್ ಬಂದಾಗ ಆಪಲ್ ಕೂಡ 2.2ಕ್ಕೆ ಬಂತು. ಆದರೆ ಆ ಜಗಳ ಬೇರೆ ವೇಷದಲ್ಲಿ ಉಳಿದಿದೆ. ಪ್ರೊಫೋಟೋ ಆರ್‌ಜಿಬಿ ಅನ್ನೋ ಕಲರ್ ಸ್ಪೇಸ್‌ನ ಗಾಮಾ ಈಗಲೂ 1.8. ಅದರಲ್ಲಿ 128 ಅಂದರೆ ಶೇ. 29 ಬೆಳಕು. ಆ ಫೈಲನ್ನ ಪ್ರೊಫೈಲ್ ಅಂಟಿಸದೆ ಅಪ್‌ಲೋಡ್ ಮಾಡಿದರೆ ನೋಡುವವರ ಫೋನು ಎಸ್‌ಆರ್‌ಜಿಬಿ ಅಂತಲೇ ಓದಿಕೊಂಡು ಶೇ. 22 ತೋರಿಸುತ್ತೆ. ಬಣ್ಣವೂ ಸಪ್ಪೆ. ನಮ್ಮ ನಾಲ್ವರಲ್ಲಿ ಒಬ್ಬರು ಒಂದು ಸೆಮಿಸ್ಟರ್ ಪೂರ್ತಿ ಹೀಗೇ ಎಕ್ಸ್‌ಪೋರ್ಟ್ ಮಾಡಿದ್ದಾರೆ, ಯಾಕೆ ಅಂದ್ರೆ ಮೆನುವಿನಲ್ಲಿ "ಪ್ರೊ" ಅಂತ ಇತ್ತು. ಹೆಸರು ಹೇಳಲ್ಲ.

ರಿಸೈಜ್ ಮಾಡುವಾಗಲೂ ಸ್ವಲ್ಪ ಬೆಳಕು ಹೋಗುತ್ತೆ. ಒಂದು ಬಿಳಿ ಪಿಕ್ಸೆಲ್, ಪಕ್ಕದಲ್ಲಿ ಒಂದು ಕಪ್ಪು. ಎರಡನ್ನೂ ಸೇರಿಸಿ ಒಂದು ಮಾಡಿದರೆ ಅರ್ಧ ಬೆಳಕು, ಅಂದರೆ 188 ಬರಬೇಕು. ಎಷ್ಟೋ ಸಾಫ್ಟ್‌ವೇರ್‌ಗಳು ನೇರವಾಗಿ 0 ಮತ್ತು 255ರ ಸರಾಸರಿ ತೆಗೆದು 128 ಇಡ್ತವೆ. ಮುಖಗಳಿಗೆ ಇದರಿಂದ ಅಷ್ಟು ಪೆಟ್ಟಿಲ್ಲ. ಸ್ಟೇಜ್ ಹಿಂದೆ ಕಟ್ಟಿದ್ದ ಸೀರಿಯಲ್ ಸೆಟ್ ಲೈಟ್‌ಗಳು ಮಂಕಾಗಿದ್ದು ಮಾತ್ರ ಹೀಗೆ. ಫೋನಲ್ಲಿ ತೆಗೆದ ಫೋಟೋ ಆದರೆ ಎಚ್‌ಡಿಆರ್ ಕಥೆ ಬೇರೆ: ಈಗಿನ ಫೋನುಗಳು ಫೋಟೋ ಜೊತೆ "ಎಲ್ಲೆಲ್ಲಿ ಇನ್ನೂ ಜೋರಾಗಿ ಉರಿಸಬೇಕು" ಅನ್ನೋ ಒಂದು ನಕ್ಷೆಯನ್ನೂ ಸೇವ್ ಮಾಡ್ತವೆ. ಆಂಡ್ರಾಯ್ಡ್‌ನಲ್ಲಿ 2023ರ 14ನೇ ಆವೃತ್ತಿಯಿಂದ ಇದಕ್ಕೆ ಅಲ್ಟ್ರಾ ಎಚ್‌ಡಿಆರ್ ಅಂತ ಹೆಸರು. ಎಡಿಟ್ ಮಾಡುವಾಗಲೋ ಕಳಿಸುವಾಗಲೋ ಆ ನಕ್ಷೆ ಕಳಚಿ ಹೋದರೆ ಗ್ಯಾಲರಿಯಲ್ಲಿ ಫಳಫಳ ಅಂತಿದ್ದ ಫೋಟೋ ಸುಮ್ಮನೆ ಕೂತುಬಿಡುತ್ತೆ.

ಇಷ್ಟೆಲ್ಲ ಓದಿ ತಿಳಿದುಕೊಂಡ ಮೇಲೂ ನಮ್ಮ ಟೀಮ್‌ನಲ್ಲಿ ಒಮ್ಮತ ಇಲ್ಲ ಅನ್ನೋದನ್ನ ಮುಚ್ಚಿಡಲ್ಲ. ಒಬ್ಬ ಸೀನಿಯರ್ ಅಣ್ಣನ ವಾದ: "ಕಪ್ಪಾಗಿದ್ರೆ ಮೂಡ್ ಬರುತ್ತೆ ಕಣ್ರೋ, ಎಲ್ಲಾನೂ ಮದುವೆ ಆಲ್ಬಮ್ ಥರ ಬೆಳಗಬೇಕಾ?" ಅಣ್ಣ, ಬೇಡ. ಖಾಲಿ ಕಾರಿಡಾರ್, ಮಳೆ ಬಿದ್ದ ಪಾರ್ಕಿಂಗ್ ಶೆಡ್, ಇವಕ್ಕೆ ಎಷ್ಟು ಬೇಕಾದರೂ ಮೂಡ್ ಕೊಡಿ. ಆದರೆ ಜನ ಇರೋ ಫೋಟೋದಲ್ಲಿ ನಮ್ಮ ಮೂಡ್‌ನ ಬಿಲ್ ಕಟ್ಟೋರು ಯಾರು ಅಂತ ನೋಡಿದ್ವಿ. ಅದೇ ಫೋಟೋದಲ್ಲಿ ಬೆಳ್ಳಗಿರುವವರ ಕೆನ್ನೆ 110, 120 ಇತ್ತು. ಫೋನ್ ಎಷ್ಟು ಮಂದ ಇದ್ದರೂ ಅವರು ಕಾಣ್ತಾರೆ. 40 ಇದ್ದ ನಮ್ಮ ಗೆಳೆಯ ಮಾಯ. ಎಲ್ಲರಿಗೂ ಒಂದೇ ಸ್ಲೈಡರ್ ಎಳೆದಿದ್ದೇವೆ, ಆದರೂ ಅಳಿಸಿ ಹೋಗಿದ್ದು ಕಪ್ಪಗಿರುವವರು ಮಾತ್ರ. ಫಿಲ್ಮ್ ಕಾಲದಲ್ಲಿ ಕೊಡ್ಯಾಕ್‌ನವರು ಲ್ಯಾಬ್‌ಗಳಿಗೆ ಬಣ್ಣ ಹೊಂದಿಸೋಕೆ ಕಳಿಸ್ತಿದ್ದ "ಶರ್ಲಿ ಕಾರ್ಡ್"ನಲ್ಲಿ ಬಹುಕಾಲ ಇದ್ದದ್ದು ಬಿಳಿಯ ಹೆಂಗಸಿನ ಚಿತ್ರ. ಅದನ್ನ ಓದಿ ನಾವೆಲ್ಲ ಬೈದಿದ್ವಿ. ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾವು ಮಾಡಿದ್ದೂ ಅದರದ್ದೇ ಚಿಕ್ಕ ಆವೃತ್ತಿ.

ತಿದ್ದೋಕೆ ಹೋಗಿ ನಾವು ಇನ್ನೊಂದು ತಪ್ಪು ಮಾಡಿದ್ವಿ, ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಆತುರದಲ್ಲಿ ಅವನ ಮುಖಕ್ಕೆ ಬ್ಯೂಟಿ ಫಿಲ್ಟರ್ ಹಾಕಿ ಬೆಳ್ಳಗೆ ಮಾಡಿ ತೋರಿಸಿದ್ವಿ. "ಇವ ಯಾವನಲೇ?" ಅಂದ. ಸರಿಯಾಗೇ ಕೇಳಿದ. ಎಕ್ಸ್‌ಪೋಷರ್ ಏರಿಸೋದು ಅಂದರೆ ಕೆಂಪು, ಹಸಿರು, ನೀಲಿ ಮೂರರ ಬೆಳಕನ್ನೂ ಒಂದೇ ಪಟ್ಟು ಹೆಚ್ಚಿಸೋದು. ಅನುಪಾತ ಹಾಗೇ ಇರುತ್ತೆ, ಚರ್ಮದ ಬಣ್ಣ ಅವನದ್ದೇ, ಬೆಳಕು ಮಾತ್ರ ಸಾಕಷ್ಟು. ಫಿಲ್ಟರ್ ಬಣ್ಣವನ್ನೇ ಬದಲಾಯಿಸುತ್ತೆ. ಕಪ್ಪು ಕಾಣಿಸೋದಕ್ಕೂ ಕತ್ತಲೆ ಕಾಣಿಸೋದಕ್ಕೂ ಇರೋ ವ್ಯತ್ಯಾಸ ನಮಗೇ ಮರೆತು ಹೋಗಿತ್ತು ಅನ್ನೋದು ನಾಚಿಕೆ ವಿಷಯ. ಫಿಲ್ಟರ್ ಅಳಿಸಿ, ಮೂಲ ಫೈಲ್‌ನಿಂದ ಮತ್ತೆ ಶುರು ಮಾಡಿ, ನೆರಳು ಮಾತ್ರ ಎತ್ತಿ ಕಳಿಸಿದ್ವಿ. ಅವರಮ್ಮನ ವಾಯ್ಸ್ ಮೆಸೇಜ್ ಬಂತು: "ಈಗ ಕಾಣ್ತಿ ನೋಡು. ಮೀಸಿ ಯಾವಾಗ ಬಿಟ್ಟಿ?"

ಹಾಗಾಗಿ ಕ್ಲಬ್ ಮುಂದೆ ನಮ್ಮ ಬೇಡಿಕೆ ಇದು. ಫೋಟೋ ಎಡಿಟ್ ಮಾಡೋದು ಲೈಟ್ ಹಾಕಿದ ರೂಮಿನಲ್ಲೇ ಆಗಲಿ. ರಾತ್ರಿ ಆದರೆ ಕಾಮನ್ ರೂಮಿಗೆ ಹೋಗೋಣ, ರೂಮ್‌ಮೇಟ್ ಮಲಗಲಿ ಪಾಪ. ಪರದೆಯ ಬೆಳಕು ಅಳೆಯೋ ಮೀಟರ್ ನಮ್ಮ ಹತ್ತಿರ ಇಲ್ಲ, ಬೇಕಾಗೂ ಇಲ್ಲ: ಪರದೆ ಪಕ್ಕ ಒಂದು ಬಿಳಿ ರೆಕಾರ್ಡ್ ಶೀಟ್ ಹಿಡಿದು, ಪರದೆಯ ಖಾಲಿ ಪುಟ ಅದರಷ್ಟೇ ಬೆಳ್ಳಗೆ ಕಾಣೋವರೆಗೂ ಬ್ರೈಟ್‌ನೆಸ್ ಇಳಿಸಿದರೆ ಸುಮಾರಾಗಿ ಸಾಕು. ಸಾಫ್ಟ್‌ವೇರ್‌ನ ಬ್ಯಾಕ್‌ಗ್ರೌಂಡ್ ಒಂದ್ಸಲ ಬಿಳಿ ಮಾಡಿ ನೋಡಿ. ಹಿಸ್ಟೋಗ್ರಾಮ್ ನೋಡಿ, ಬ್ರೈಟ್‌ನೆಸ್ ಎಷ್ಟೇ ಇದ್ದರೂ ಅದು ಬದಲಾಗಲ್ಲ. ಎಲ್ಲಾ ಗುಡ್ಡವೂ ಎಡಗಡೆ ಗೋಡೆಗೆ ಒರಗಿದ್ದರೆ ಮತ್ತೊಮ್ಮೆ ಯೋಚಿಸಿ. ಎಕ್ಸ್‌ಪೋರ್ಟ್ ಮಾಡುವಾಗ ಎಸ್‌ಆರ್‌ಜಿಬಿ, ಪ್ರೊಫೈಲ್ ಸಮೇತ. ಇದು ಚರ್ಚೆಗೆ ಬಿಟ್ಟಿದ್ದಲ್ಲ.

ಪೋಸ್ಟ್ ಮಾಡೋಕೆ ಮುಂಚೆ ಒಂದು ಹಳೇ ಫೋನಲ್ಲಿ, ಅರ್ಧಕ್ಕಿಂತ ಕಮ್ಮಿ ಬ್ರೈಟ್‌ನೆಸ್‌ನಲ್ಲಿ ತೆರೆದು, ಫೋಟೋದಲ್ಲಿರೋ ಅತ್ಯಂತ ಕಪ್ಪು ಮುಖ ಯಾರದ್ದು ಅಂತ ಗುರುತು ಸಿಗುತ್ತಾ ನೋಡಬೇಕು. ಸಿಗದಿದ್ರೆ ಆ ಫೋಟೋ ಹೋಗಲ್ಲ, ಎಷ್ಟೇ ಮೂಡ್ ಇರಲಿ. ಇದಕ್ಕೆ ಅಂತ ಸ್ಕ್ರೀನ್ ಗಾರ್ಡ್ ಒಡೆದಿರೋ ಒಂದು ಫೋನನ್ನ ಕ್ಲಬ್ ಬೀರುವಿನಲ್ಲಿ ಇಟ್ಟಿದ್ದೀವಿ. ಅದರ ಚಾರ್ಜರ್ ಮೊನ್ನೆ ಯಾರೋ ತಗೊಂಡು ಹೋಗಿದ್ದೀರಿ. ಹಳೇ ಚಪ್ಪಟೆ ಪಿನ್ನಿಂದು, ನಿಮ್ಮ ಫೋನಿಗೆ ಹಾಕೋಕೂ ಬರಲ್ಲ, ದಯವಿಟ್ಟು ವಾಪಸ್ ತಂದಿಡಿ.