ಕಾಂಕ್ರೀಟಿನ ಸಮ್ಮೇಳನಕ್ಕೆ ನೀರು ಹಾಕಿದವನನ್ನೂ ಕರೆಯಿರಿ

ಗಲ್ಫಿನ ಕಟ್ಟಡಗಳ ಮಾತು ಬಂದರೆ ನಾವೆಲ್ಲ ಎತ್ತರದ ಲೆಕ್ಕ ಹೇಳುತ್ತೇವೆ. ಎಷ್ಟು ಮಾಳಿಗೆ, ಎಷ್ಟು ಮೀಟರ್, ಯಾವ ಕಂಪೆನಿ ಕಟ್ಟಿದ್ದು. ಆ ಕಟ್ಟಡಕ್ಕೆ ಆಯುಷ್ಯ ಎಷ್ಟು ಅಂತ ಕೇಳುವವರು ಕಡಿಮೆ. ಅದನ್ನು ಕೇಳುವ ಸಮ್ಮೇಳನಗಳು ಲೋಕದಲ್ಲಿ ಬಹಳ ಹಿಂದಿನಿಂದ ನಡೆಯುತ್ತಿವೆ. ಅವುಗಳಲ್ಲಿ ಕೆಲವು ನಾವು ದುಡಿಯುವ ಈ ಮರಳುಗಾಡಿನ ದೇಶಗಳಲ್ಲೇ ನಡೆದಿವೆ. ಅಲ್ಲಿ ಏನು ಮಾತಾಯಿತು, ಅದರಿಂದ ಏನು ಬದಲಾಯಿತು ಎಂಬುದು ಸೈಟಿನಲ್ಲಿ ಬೆವರು ಸುರಿಸುವವರಿಗೂ ಗೊತ್ತಿರಬೇಕು. ಯಾಕೆಂದರೆ ಅಲ್ಲಿನ ತೀರ್ಮಾನಗಳು ಕೊನೆಗೆ ಜಾರಿಯಾಗುವುದು ನಮ್ಮ ಕೈಯಿಂದಲೇ.

ಸ್ವಲ್ಪ ಇತಿಹಾಸ ನೋಡೋಣ. 1905ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಸಿಮೆಂಟ್ ಬಳಸುವವರೆಲ್ಲ ಒಂದು ಕಡೆ ಸೇರಿದರು. ಆಗ ಕಾಂಕ್ರೀಟ್ ಬ್ಲಾಕ್ ಮಾಡುವುದಕ್ಕೆ ಒಂದು ಸರಿಯಾದ ನಿಯಮವೇ ಇರಲಿಲ್ಲ, ಜನರಿಗೆ ಅದರ ಮೇಲಿನ ನಂಬಿಕೆ ಹೋಗುತ್ತಿತ್ತು. ಆ ಸಭೆಯಿಂದ ಹುಟ್ಟಿದ ಸಂಘವೇ 1913ರಲ್ಲಿ ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ ಎಂದು ಹೆಸರು ಬದಲಿಸಿಕೊಂಡಿತು. ಸಿಮೆಂಟಿನ ರಸಾಯನಶಾಸ್ತ್ರದ ಅಂತಾರಾಷ್ಟ್ರೀಯ ಸಮ್ಮೇಳನಗಳ ಸಾಲು ಶುರುವಾದದ್ದು 1918ರಲ್ಲಿ, ಲಂಡನ್‌ನಲ್ಲಿ. ಎರಡನೆಯದು 1938ರಲ್ಲಿ ಸ್ಟಾಕ್‌ಹೋಮ್‌ನಲ್ಲಿ. ಆಮೇಲೆ ಅದು ಮತ್ತೆ ಲಂಡನ್, ವಾಷಿಂಗ್ಟನ್, ಟೋಕಿಯೊ, ಮಾಸ್ಕೊ, ಪ್ಯಾರಿಸ್, ರಿಯೊ ಡಿ ಜನೈರೊ ಅಂತ ಊರೂರು ಸುತ್ತಿ 1992ರಲ್ಲಿ ನಮ್ಮ ದಿಲ್ಲಿಗೂ ಬಂತು.

ಗಲ್ಫಿನ ಕಥೆ ಬೇರೆ. 1973ರ ನಂತರ ಎಣ್ಣೆಯ ಬೆಲೆ ಏರಿದಾಗ ಇಲ್ಲಿ ರಸ್ತೆ, ಬಂದರು, ಆಸ್ಪತ್ರೆ, ಫ್ಲ್ಯಾಟ್ ಎಲ್ಲವೂ ಒಟ್ಟಿಗೆ ಎದ್ದವು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಂದ ಮೊದಲ ತಲೆಮಾರು ವಿಮಾನ ಹತ್ತಿದ್ದೂ ಅದೇ ಕಾಲದಲ್ಲಿ. ಕೆಲಸದ ನಿಯಮಗಳು ಹೆಚ್ಚಿನವು ತಂಪು ದೇಶಗಳಿಂದ ಬಂದವು. ಮರಳು, ಜಲ್ಲಿ, ನೀರು ಮಾತ್ರ ಇಲ್ಲಿನವು, ಹಲವು ಕಡೆ ಅವುಗಳಲ್ಲಿ ಉಪ್ಪು ಇತ್ತು. ಹತ್ತು ಹದಿನೈದು ವರ್ಷ ಆಗುವಷ್ಟರಲ್ಲಿ ಕಂಬ ಬಿರುಕು ಬಿಟ್ಟಿತು, ಮಾಡಿನ ಸಿಮೆಂಟ್ ಉದುರಿ ತುಕ್ಕು ಹಿಡಿದ ಸರಳು ಹೊರಗೆ ಕಂಡಿತು. ಐವತ್ತು ವರ್ಷ ಬಾಳಬೇಕಾದ ಕಟ್ಟಡಗಳು ಅರ್ಧ ದಾರಿಯಲ್ಲೇ ಮುದಿಯಾದವು.

ಇದನ್ನು ಗಂಭೀರವಾಗಿ ಪರೀಕ್ಷಿಸಿದವರಲ್ಲಿ ಸೌದಿಯ ದಹರಾನ್‌ನ ಕಿಂಗ್ ಫಹದ್ ವಿಶ್ವವಿದ್ಯಾಲಯದ ರಶೀದುಜ್ಜಫರ್ ಮತ್ತು ಅವರ ಸಂಗಡಿಗರು ಮುಖ್ಯರು. ಅವರ ವರದಿ 1984ರಲ್ಲಿ ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ ಪತ್ರಿಕೆಯಲ್ಲಿ ಬಂತು. ಮರುವರ್ಷ, 1985ರ ಅಕ್ಟೋಬರ್‌ನಲ್ಲಿ, ಬಹ್ರೈನ್ ಇಂಜಿನಿಯರುಗಳ ಸಂಘ ಒಂದು ಅಂತಾರಾಷ್ಟ್ರೀಯ ಸಮ್ಮೇಳನ ಕರೆಯಿತು. ವಿಷಯ ನೇರವಾಗಿತ್ತು: ಕೊಲ್ಲಿ ದೇಶಗಳಲ್ಲಿ ಕಾಂಕ್ರೀಟ್ ಹಾಳಾಗುವುದು ಮತ್ತು ಅದರ ರಿಪೇರಿ. 1987, 1989, 1993, 1997ರಲ್ಲಿ ಅದೇ ಸಮ್ಮೇಳನ ಮತ್ತೆ ಸೇರಿತು. ತಮ್ಮ ಕಟ್ಟಡಗಳು ಕೆಡುತ್ತಿವೆ ಎಂದು ಲೋಕದ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳುವುದು ಸಣ್ಣ ಮಾತಲ್ಲ. ಆ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು.

ಸಮ್ಮೇಳನಗಳಲ್ಲಿ ತಿಳಿದ ಸಂಗತಿ ಸುಲಭವಾಗಿ ಹೇಳುವುದಾದರೆ ಇಷ್ಟು. ಒಳ್ಳೆಯ ಕಾಂಕ್ರೀಟಿನೊಳಗೆ ಕಬ್ಬಿಣ ಸುರಕ್ಷಿತ. ಉಪ್ಪು ಒಳಗೆ ಇಳಿದರೆ ಆ ರಕ್ಷಣೆ ಹೋಗಿ ತುಕ್ಕು ಶುರುವಾಗುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಅದು ಉಬ್ಬಿ ಹೊರಗಿನ ಕಾಂಕ್ರೀಟನ್ನು ಒಡೆಯುತ್ತದೆ. ಸೆಕೆ ಹೆಚ್ಚಿದಷ್ಟು ಈ ಕೆಲಸ ಬೇಗ ನಡೆಯುತ್ತದೆ. ಸಲ್ಫೇಟ್ ತಡೆಯುವ ಸಿಮೆಂಟ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಮೊದಲು ಬಹಳ ಜನ ನಂಬಿದ್ದರು. ಉಪ್ಪನ್ನು ಹಿಡಿದಿಟ್ಟುಕೊಳ್ಳುವ ಅಂಶವೇ ಆ ಸಿಮೆಂಟಿನಲ್ಲಿ ಕಡಿಮೆ, ಆದ್ದರಿಂದ ಸರಳಿನ ತುಕ್ಕಿಗೆ ಅದು ಮದ್ದಲ್ಲ ಎಂದು ದಹರಾನ್‌ನ ಪ್ರಯೋಗಗಳು ತೋರಿಸಿದವು.

ಮದ್ದು ಬೇರೆ ಕಡೆಯಿಂದಲೂ ಬಂತು. ಭಾರತದಲ್ಲಿ ಹುಟ್ಟಿ ಕೆನಡಾದಲ್ಲಿ ಕೆಲಸ ಮಾಡಿದ ಮೋಹನ್ ಮಲ್ಹೋತ್ರಾ 1983ರಲ್ಲಿ ಅಲ್ಲಿನ ಮಾಂಟೆಬೆಲ್ಲೊದಲ್ಲಿ ಒಂದು ಸಮ್ಮೇಳನ ನಡೆಸಿದರು. ಕಲ್ಲಿದ್ದಲಿನ ಹಾರುಬೂದಿ, ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್, ಸಿಲಿಕಾ ಫ್ಯೂಮ್ ಇವುಗಳನ್ನು ಕಾಂಕ್ರೀಟಿಗೆ ಬೆರೆಸುವುದೇ ಅದರ ವಿಷಯ. ಸರಿಯಾಗಿ ಬೆರೆಸಿ ಸರಿಯಾಗಿ ಕ್ಯೂರಿಂಗ್ ಮಾಡಿದರೆ ಕಾಂಕ್ರೀಟಿನ ರಂಧ್ರಗಳು ಸಣ್ಣದಾಗಿ ಉಪ್ಪು ಇಳಿಯುವುದು ನಿಧಾನವಾಗುತ್ತದೆ. ಇವತ್ತು ಗಲ್ಫಿನ ದೊಡ್ಡ ಕೆಲಸಗಳಲ್ಲಿ ಇದು ಮಾಮೂಲು. ಬೇಸಿಗೆಯಲ್ಲಿ ನೀರಿನ ಬದಲು ಐಸ್ ಹಾಕುವುದು, ರಾತ್ರಿ ಹೊತ್ತು ಕಾಂಕ್ರೀಟ್ ಹಾಕುವುದು ಕೂಡ ಹಾಗೆಯೇ. ಬುರ್ಜ್ ಖಲೀಫಾಕ್ಕೆ 3,30,000 ಘನ ಮೀಟರ್ ಕಾಂಕ್ರೀಟ್ ಹೋಯಿತು. ಪಂಪ್ ಅದನ್ನು 600 ಮೀಟರಿಗಿಂತ ಮೇಲಕ್ಕೆ ಮುಟ್ಟಿಸಿತು. ಬೇಸಿಗೆಯ ಕಾಂಕ್ರೀಟ್ ಬಿದ್ದದ್ದು ಐಸ್ ಬೆರೆಸಿ, ರಾತ್ರಿಯಲ್ಲಿ.

ಇಷ್ಟೆಲ್ಲ ವಿದ್ಯೆ ಸೈಟಿಗೆ ಇಳಿದಾಗ ಏನಾಗಿ ಉಳಿಯುತ್ತದೆ? ನಾಲ್ಕು ಕೆಲಸ. ಸರಳಿನ ಕೆಳಗೆ ಕವರ್ ಬ್ಲಾಕ್ ಸರಿಯಾಗಿ ಇಡುವುದು. ವೈಬ್ರೇಟರ್ ಸರಿಯಾಗಿ ಹಿಡಿಯುವುದು. ಮಿಕ್ಸ್ ಗಟ್ಟಿಯಾಯಿತು ಅಂತ ಮೇಲಿಂದ ನೀರು ಸುರಿಯದೇ ಇರುವುದು. ಹಾಕಿದ ಮೇಲೆ ಗೋಣಿ ಹಾಸಿ ದಿನಗಟ್ಟಲೆ ಒದ್ದೆ ಇಡುವುದು. ಈ ನಾಲ್ಕನ್ನೂ ಮಾಡುವವನು ಕೂಲಿಯವನು, ಮೇಸ್ತ್ರಿ, ಹೆಲ್ಪರ್. ಪ್ರೊಫೆಸರ ಪ್ರಬಂಧ ಎಷ್ಟೇ ದೊಡ್ಡದಿರಲಿ, ಕವರ್ ಬ್ಲಾಕ್ ಜಾರಿದರೆ ಅದು ಕಾಗದದಲ್ಲೇ ಉಳಿಯಿತು.

ಆದರೆ ಸಮ್ಮೇಳನದ ವೇದಿಕೆಯಲ್ಲಿ ಮಾತಾಡುವವರು ಪ್ರೊಫೆಸರರು, ಇಂಜಿನಿಯರುಗಳು, ಸಿಮೆಂಟ್ ಮತ್ತು ಕೆಮಿಕಲ್ ಕಂಪೆನಿಯವರು. 'ಕೂಲಿಯವನಿಗೆ ಅಲ್ಲಿ ಏನು ಕೆಲಸ, ಅವನಿಗೆ ಇಂಗ್ಲಿಷ್ ಬರುತ್ತದಾ?' ಅಂತ ಕೆಲವರು ಕೇಳಬಹುದು. ಕೇಳಲಿ. ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದು ತಡವಾದಾಗ, ಕಾಂಕ್ರೀಟ್ ಗಟ್ಟಿಯಾಗುತ್ತಿರುವಾಗ, ಫೋರ್‌ಮ್ಯಾನ್ ಬೇಗ ಬೇಗ ಎಂದು ಕೂಗುವಾಗ ಪೈಪಿನ ನೀರು ಯಾಕೆ ಮಿಕ್ಸಿಗೆ ಹೋಗುತ್ತದೆ ಎಂಬುದು ಸ್ಲ್ಯಾಬಿನ ಮೇಲೆ ನಿಂತವನಿಗೆ ಗೊತ್ತು. ಲ್ಯಾಬಿನ ವರದಿಯಲ್ಲಿ ಅದು ಬರುವುದಿಲ್ಲ. ರಜೆಯ ದಿನ ಗೋಣಿಗೆ ನೀರು ಹಾಕಲು ಯಾರನ್ನೂ ಬಿಡದಿದ್ದರೆ ಏನಾಗುತ್ತದೆ ಎಂಬುದೂ ಅವನಿಗೇ ಗೊತ್ತು. ಅವನನ್ನು ಕೇಳದೆ ಮಾಡಿದ ಪರಿಹಾರ ಅರ್ಧ ಪರಿಹಾರ.

ಇನ್ನೊಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಸುರಿಯುವಾಗ ಕಾಂಕ್ರೀಟಿನ ಬಿಸಿ 32 ಅಥವಾ 35 ಡಿಗ್ರಿ ದಾಟಬಾರದು ಎಂದು ಇಲ್ಲಿನ ಹಲವು ಗುತ್ತಿಗೆಗಳಲ್ಲಿ ಷರತ್ತು ಇರುತ್ತದೆ. ಲಾರಿ ಬಂದ ಕೂಡಲೇ ಅದಕ್ಕೆ ಥರ್ಮಾಮೀಟರ್ ಚುಚ್ಚಿ ನೋಡುತ್ತಾರೆ, ಹೆಚ್ಚಿದ್ದರೆ ಲಾರಿ ವಾಪಸ್. ಪಕ್ಕದಲ್ಲಿ ನಿಂತ ಮನುಷ್ಯನ ಮೈಬಿಸಿ ನೋಡುವ ನಿಯಮ ಬರಲು ಬಹಳ ಕಾಲ ಹಿಡಿಯಿತು. ಈಗ ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಿನ ಕೆಲಸ ಇಲ್ಲ. ಕತಾರ್ 2021ರಲ್ಲಿ ಇನ್ನೂ ಮುಂದೆ ಹೋಯಿತು: ಸೆಕೆ, ತೇವ, ಬಿಸಿಲು, ಗಾಳಿ ಎಲ್ಲ ಸೇರಿಸಿ ಅಳೆಯುವ ಮಾಪನ 32.1 ಡಿಗ್ರಿ ದಾಟಿದರೆ ಗಂಟೆ ಎಷ್ಟೇ ಆಗಿರಲಿ ಹೊರಗಿನ ಕೆಲಸ ನಿಲ್ಲಬೇಕು. ಇದು ಒಳ್ಳೆಯ ಹೆಜ್ಜೆ. ಆದರೆ ರಾತ್ರಿ ಕಾಂಕ್ರೀಟ್ ಹಾಕಿದವನು ಹಗಲು ಕ್ಯಾಂಪಿನಲ್ಲಿ ನಿದ್ದೆ ಮಾಡಲು ಆಗುತ್ತದಾ, ಎಸಿ ಸರಿ ಇದೆಯಾ, ಮರುದಿನ ಮತ್ತೆ ಹಗಲು ಪಾಳಿಗೆ ಕರೆಯುತ್ತಾರಾ? ನಿದ್ದೆಗೆಟ್ಟ ಕೈ ಹಿಡಿದ ವೈಬ್ರೇಟರಿನಿಂದ ಗಟ್ಟಿ ಕಾಂಕ್ರೀಟ್ ಬರುವುದಿಲ್ಲ. ಹಾಗಾಗಿ ಕಾರ್ಮಿಕನ ವಿಶ್ರಾಂತಿಯೂ ಕಾಂಕ್ರೀಟ್ ತಂತ್ರಜ್ಞಾನದ ವಿಷಯವೇ. ಸಮ್ಮೇಳನದ ಪಟ್ಟಿಯಲ್ಲಿ ಅದಕ್ಕೊಂದು ಗೋಷ್ಠಿ ಇರಬೇಕು.

ಈ ವಿದ್ಯೆ ನಮ್ಮ ಊರಿಗೂ ಹೋಗಬೇಕು. ಉಳ್ಳಾಲದಿಂದ ಬೈಂದೂರಿನ ತನಕ ಗಲ್ಫಿನ ದುಡ್ಡಿನಲ್ಲಿ ಎದ್ದ ಟೆರೇಸ್ ಮನೆಗಳು ಎಷ್ಟೋ. ಅಲ್ಲಿಯೂ ಕಡಲ ಗಾಳಿ ಇದೆ, ಮೇಲಿಂದ ನಾಲ್ಕು ತಿಂಗಳ ಮಳೆ. ಅಳಿವೆ ಹತ್ತಿರದ ಹೊಯ್ಗೆಯಲ್ಲಿ ಉಪ್ಪು ಇರುತ್ತದೆ. ಇಲ್ಲಿ ದೊರೆಗಳ ಕಟ್ಟಡಕ್ಕೆ ದಿನಗಟ್ಟಲೆ ನೀರು ಹಾಕಿದವನ ಸ್ವಂತ ಮನೆ ಊರಲ್ಲಿ ಫೋನಿನಲ್ಲೇ ಏಳುತ್ತದೆ. ಮನೆಯವರು ಟೈಲ್ಸಿನ ಬಣ್ಣದ ಫೋಟೋ ಕಳಿಸುತ್ತಾರೆ. ಕವರ್ ಬ್ಲಾಕಿನ ಫೋಟೋ ಯಾರೂ ಕೇಳುವುದಿಲ್ಲ. ಕೇಳಬೇಕು. ನಮ್ಮ ದೇಶದ ಐಎಸ್ 456 ನಿಯಮದ ಪ್ರಕಾರ ಕಡಲ ತೀರದಲ್ಲಿ ಉಪ್ಪುಗಾಳಿ ನೇರ ತಾಗದ ಭಾಗಕ್ಕೂ ಸರಳಿನ ಹೊರಗೆ ಕನಿಷ್ಠ 30 ಮಿ.ಮೀ. ಕಾಂಕ್ರೀಟ್ ಬೇಕು. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್ ಆದರೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು. ಸ್ಲ್ಯಾಬಿನ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದಕ್ಕೆ ಹೆಚ್ಚು ಖರ್ಚಿಲ್ಲ. ಹೊಯ್ಗೆ ಎಲ್ಲಿಯದ್ದು, ತೊಳೆದದ್ದಾ ಅಂತ ಕಾಂಟ್ರಾಕ್ಟರನ್ನು ಕೇಳುವ ಹಕ್ಕು ದುಡ್ಡು ಕೊಟ್ಟವನಿಗೆ ಇದೆ.

ನಮ್ಮ ಓದುಗರಲ್ಲಿ ಇಂಜಿನಿಯರುಗಳಿದ್ದೀರಿ, ಫೋರ್‌ಮ್ಯಾನ್‌ಗಳಿದ್ದೀರಿ, ಇಪ್ಪತ್ತು ವರ್ಷ ಸ್ಲ್ಯಾಬ್ ಮೇಲೆ ನಿಂತ ಕಾಕಂದಿರಿದ್ದೀರಿ. ಸಮ್ಮೇಳನಕ್ಕೆ ಹೋಗುವ ಇಂಜಿನಿಯರ್ ಸಹೋದರರು ಹೋಗುವ ಮೊದಲು ಸೈಟಿನಲ್ಲಿ ಹತ್ತು ಜನರನ್ನು ಕೂರಿಸಿ ಕೇಳಲಿ, ಅವರ ಒಂದು ಪ್ರಶ್ನೆಯನ್ನಾದರೂ ಅಲ್ಲಿ ಎತ್ತಲಿ. ಬಂದ ಮೇಲೆ ಅಲ್ಲಿ ಕೇಳಿದ್ದನ್ನು ಕನ್ನಡದಲ್ಲೋ ಬ್ಯಾರಿಯಲ್ಲೋ ಅವರಿಗೆ ತಿಳಿಸಲಿ. ಮೇಸ್ತ್ರಿ ಕಾಕಂದಿರು ರಜೆಯ ದಿನ ಒಂದು ಗಂಟೆ ಹೊಸ ಹುಡುಗರಿಗೆ ಕವರ್ ಬ್ಲಾಕ್ ಯಾಕೆ, ಗೋಣಿ ಯಾಕೆ ಅಂತ ಹೇಳಿಕೊಡಲಿ. ಕಾರಣ ಗೊತ್ತಿದ್ದವನು 'ಇನ್ನು ಸ್ವಲ್ಪ ನೀರು ಹಾಕು' ಎಂಬ ಮಾತಿಗೆ 'ಬೇಡ ಸಾರ್, ಇಂಜಿನಿಯರನ್ನು ಕರೆಯಿರಿ' ಎನ್ನುವ ಧೈರ್ಯ ಮಾಡುತ್ತಾನೆ.